ರೂಟ್ ಕೆನಾಲ್ ತೊಳೆಯುವ ಸಾಧನಗಳು: ಸೂಜಿಯಿಂದ ಲೇಸರ್‌ವರೆಗೆ ಯಾವುದು ಎಷ್ಟು ಕೆಲಸ ಮಾಡುತ್ತದೆ

ಹಲ್ಲಿನ ಬೇರಿನೊಳಗಿನ ನಾಳವನ್ನು ಕೆತ್ತಿ ಹಿಗ್ಗಿಸುವ ಹೊಸ ಫೈಲು, ಅದನ್ನು ತಿರುಗಿಸುವ ಹೊಸ ಮೋಟರು ಎಂದರೆ ದಂತವೈದ್ಯರ ನಡುವೆ ಮಾತು ಮುಗಿಯುವುದೇ ಇಲ್ಲ. ನಾಳ ತೊಳೆಯುವ ವಿಷಯಕ್ಕೆ ಬಂದರೆ ಎರಡು ವಾಕ್ಯಕ್ಕೆ ಮುಗಿದುಬಿಡುತ್ತದೆ. ಇದು ತಲೆಕೆಳಗಾದ ಲೆಕ್ಕ. 2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಮೇಲ್ದವಡೆಯ ಹಲ್ಲುಗಳನ್ನು ಫೈಲಿಂಗ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮೈಕ್ರೋ ಸಿಟಿ ಸ್ಕ್ಯಾನ್ ಮಾಡಿ ನೋಡಿದರು. ಯಾವ ಬಗೆಯ ಫೈಲು ಬಳಸಿದರೂ ನಾಳದ ಗೋಡೆಯ ಶೇ. 35 ಅಥವಾ ಅದಕ್ಕೂ ಹೆಚ್ಚು ಭಾಗ ಮುಟ್ಟದೆಯೇ ಉಳಿದಿತ್ತು. ಆ ಭಾಗದಲ್ಲಿರುವ ಸತ್ತ ತಿರುಳು (ಹಲ್ಲಿನೊಳಗಿನ ಮೆದು ಭಾಗ), ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ಪದರ, ಎರಡನ್ನೂ ತೆಗೆಯಲು ದ್ರವ ಬಿಟ್ಟರೆ ಬೇರೆ ದಾರಿಯಿಲ್ಲ.

ಈಗ ಮಾರುಕಟ್ಟೆಯಲ್ಲಿರುವ ತೊಳೆಯುವ ವಿಧಾನಗಳನ್ನು ಹೋಲಿಸಲು ಒಂದೇ ಹಲ್ಲನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು: ಕೆಳದವಡೆಯ ಮೊದಲ ದವಡೆಹಲ್ಲಿನ ಮುಂದಿನ ಬೇರು. ಸಾಮಾನ್ಯವಾಗಿ ಇದರಲ್ಲಿ ಎರಡು ನಾಳ. ಅವೆರಡನ್ನೂ ಕೂಡಿಸುವ ತೆಳ್ಳನೆಯ ಸೀಳು, ಅಂದರೆ ಇಸ್ತಮಸ್, ಬಹಳಷ್ಟು ಹಲ್ಲುಗಳಲ್ಲಿರುತ್ತದೆ. ಫೈಲು ಆ ಸೀಳಿನೊಳಗೆ ಹೋಗುವುದಿಲ್ಲ. ಹೋಗದಿರುವುದಷ್ಟೇ ಅಲ್ಲ, ತಿರುಗುವಾಗ ಕೆತ್ತಿದ ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ಪುಡಿಯನ್ನು ಅದರೊಳಕ್ಕೆ ಒತ್ತಿ ತುಂಬುತ್ತದೆ. ಬೇರು ತುದಿಯ ಕೊನೆಯ 3 ಮಿ.ಮೀ. ಮತ್ತು ಈ ಸೀಳು, ಇವೆರಡನ್ನು ಯಾವುದು ಶುಚಿ ಮಾಡುತ್ತದೋ ಅದೇ ಒಳ್ಳೆಯ ಸಾಧನ. ಅಗಲವಾದ ಒಂಟಿನಾಳದ ಮುಂಬಲ್ಲಿನಲ್ಲಿ ಎಲ್ಲ ಸಾಧನಗಳೂ ಚೆನ್ನಾಗಿಯೇ ಕಾಣುತ್ತವೆ, ಅಲ್ಲಿನ ಫಲಿತಾಂಶ ನೋಡಿ ದುಡ್ಡು ಹಾಕಬಾರದು.

ಸಾಧನಕ್ಕಿಂತ ಮೊದಲು ದ್ರವದ ಮಾತು. ಸೋಡಿಯಂ ಹೈಪೋಕ್ಲೋರೈಟ್, ಕ್ಲಿನಿಕ್ಕಿನ ಬಾಯಿಮಾತಿನಲ್ಲಿ ಹೈಪೋ, ಇದೊಂದೇ ಸತ್ತ ತಿರುಳನ್ನು ಕರಗಿಸುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸಲೈನ್ ಕರಗಿಸುವುದಿಲ್ಲ. ಶೇ. 2ರ ಕ್ಲೋರ್‌ಹೆಕ್ಸಿಡಿನ್ ಕೊಲ್ಲುತ್ತದೆ, ಆದರೆ ಕರಗಿಸುವುದಿಲ್ಲ. ಅಲ್ಲದೆ ಹೈಪೋ ಜೊತೆ ಬೆರೆತರೆ ಕಂದು ಬಣ್ಣದ ಗಷ್ಟು ಕಟ್ಟಿಕೊಂಡು ನಾಳದ ಗೋಡೆಯನ್ನೇ ಮುಚ್ಚುತ್ತದೆ. ಎರಡನ್ನೂ ಬಳಸಲೇಬೇಕೆಂದರೆ ನಡುವೆ ಸಲೈನ್ ಧಾರಾಳವಾಗಿ ಹಾಕಿ, ಪೇಪರ್ ಪಾಯಿಂಟಿನಿಂದ, ಅಂದರೆ ದ್ರವ ಹೀರುವ ಕಾಗದದ ಕಡ್ಡಿಯಿಂದ, ಒಣಗಿಸಬೇಕು.

ಹೈಪೋ ಶೇ. 3 ಇರಬೇಕೋ ಶೇ. 5 ಇರಬೇಕೋ ಎಂಬ ಜಗಳ ಹಳೆಯದು. ಹರಿಯಾಣದ ರೋಹ್ತಕ್‌ನ ತಂಡವೊಂದು 2019ರಲ್ಲಿ ಪ್ರಕಟಿಸಿದ ಚಿಕಿತ್ಸಾ ಪ್ರಯೋಗದಲ್ಲಿ ಕೆಳದವಡೆಯ ಹಲ್ಲುಗಳಿಗೆ ಶೇ. 1 ಮತ್ತು ಶೇ. 5ರ ಹೈಪೋ ಬಳಸಿ ಒಂದು ವರ್ಷದ ನಂತರ ನೋಡಿದಾಗ, ಗುಣವಾಗುವಿಕೆಯಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಕಾರಣ ಅರ್ಥವಾಗುವಂಥದ್ದೇ. ಒಂದು ನಾಳದೊಳಗೆ ಹಿಡಿಯುವ ದ್ರವ ಒಂದು ಹನಿಗಿಂತಲೂ ಕಡಿಮೆ. ಅದರಲ್ಲಿರುವ ಕ್ಲೋರಿನ್ ತಿರುಳಿನ ಜೊತೆ ವರ್ತಿಸಿ ಬೇಗನೆ ಖರ್ಚಾಗುತ್ತದೆ. ಹಾಗಾಗಿ ದ್ರವ ಎಷ್ಟು ಖಾರ ಎನ್ನುವುದಕ್ಕಿಂತ ಎಷ್ಟು ಸಲ ಹೊಸದಾಗಿ ಒಳಗೆ ಹೋಯಿತು ಎನ್ನುವುದು ಮುಖ್ಯ. ಶೇ. 3ರ ಹೈಪೋ ಧಾರಾಳವಾಗಿ ಬಳಸುವುದು ದಿನನಿತ್ಯದ ಕೆಲಸಕ್ಕೆ ಸರಿಯಾದ ಆಯ್ಕೆ.

ಆದರೆ ಬಾಟಲಿಯ ಮೇಲೆ ಶೇ. 3 ಎಂದಿದ್ದ ಮಾತ್ರಕ್ಕೆ ಒಳಗೆ ಅಷ್ಟಿರಬೇಕೆಂದಿಲ್ಲ. ಬೆಳಕು ಮತ್ತು ಶಾಖಕ್ಕೆ ಹೈಪೋ ಒಡೆದುಹೋಗುತ್ತದೆ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಗಾಜಿನ ಕಪಾಟಿನೊಳಗೆ ಬಿಸಿಲಿಗೆ ಇಟ್ಟ ಬಾಟಲಿಯ ಶಕ್ತಿ ಇಳಿಯುವುದು ಖಂಡಿತ. ಬೆಳಕು ಹಾಯದ ಬಾಟಲಿ, ತಂಪಾದ ಜಾಗ, ತಯಾರಾದ ದಿನಾಂಕ ನೋಡಿ ಸಣ್ಣ ಬಾಟಲಿ ಕೊಳ್ಳುವ ಅಭ್ಯಾಸ, ಈ ಮೂರೂ ಬೇಕು. ಬಟ್ಟೆಗೆ ಹಾಕುವ ಬ್ಲೀಚನ್ನು ನೀರು ಬೆರೆಸಿ ಬಳಸುವುದು ಬೇಡ. ಅದರಲ್ಲಿ ಸುವಾಸನೆ, ಸಾಬೂನಿನ ಅಂಶ ಸೇರಿರಬಹುದು, ಪ್ರಮಾಣಕ್ಕೂ ಖಾತರಿಯಿಲ್ಲ.

ಇನ್ನೊಂದು ದ್ರವ ಶೇ. 17ರ ಇಡಿಟಿಎ. ಫೈಲು ಗೋಡೆಗೆ ಮೆತ್ತಿದ ಡೆಂಟಿನ್ ಪುಡಿಯ ಪದರವನ್ನು, ಅಂದರೆ ಸ್ಮಿಯರ್ ಲೇಯರನ್ನು, ಇದು ಬಿಡಿಸುತ್ತದೆ. ಫೈಲಿಂಗ್ ಪೂರ್ತಿ ಮುಗಿದ ಮೇಲೆ ಒಂದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಡೆಂಟಿನ್ನೇ ಸವೆಯತೊಡಗುತ್ತದೆ. ಹೈಪೋ ಮತ್ತು ಇಡಿಟಿಎ ನಾಳದಲ್ಲಿ ಬೆರೆತರೆ ಹೈಪೋದ ಕ್ಲೋರಿನ್ ತಟ್ಟನೆ ಕುಸಿಯುತ್ತದೆ. ಒಂದನ್ನು ಹೀರಿ ತೆಗೆದ ಮೇಲೆಯೇ ಇನ್ನೊಂದು.

ಸಿರಿಂಜ್ ಮತ್ತು ಸೂಜಿ ಎಲ್ಲ ಕ್ಲಿನಿಕ್ಕಿನಲ್ಲೂ ಇದೆ, ಅತಿ ಹೆಚ್ಚು ಕೆಟ್ಟದಾಗಿ ಬಳಕೆಯಾಗುವುದೂ ಇದೇ. ಪಕ್ಕದಲ್ಲಿ ಕಿಂಡಿಯಿರುವ, ತುದಿ ಮುಚ್ಚಿದ ಸೂಜಿಯಿಂದ ದ್ರವ ಸೂಜಿಯ ತುದಿಗಿಂತ ಮುಂದಕ್ಕೆ ಹೋಗುವುದು ಸುಮಾರು 1ರಿಂದ 1.5 ಮಿ.ಮೀ. ಮಾತ್ರ. ಸೂಜಿ ಎಲ್ಲಿ ನಿಂತಿತೋ ಶುಚಿಯೂ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಈಗ ಲೆಕ್ಕ ನೋಡಿ. 27 ಗೇಜ್ ಸೂಜಿಯ ಹೊರದಪ್ಪ ಸುಮಾರು 0.42 ಮಿ.ಮೀ. ನಾಳವನ್ನು 25 ಸೈಜ್, ಶೇ. 4 ಟೇಪರ್‌ಗೆ (ತುದಿಯಲ್ಲಿ 0.25 ಮಿ.ಮೀ., ಅಲ್ಲಿಂದ ಮೇಲಕ್ಕೆ ಪ್ರತಿ ಮಿ.ಮೀ.ಗೆ 0.04ರಂತೆ ಅಗಲ) ಹಿಗ್ಗಿಸಿದ್ದರೆ, ತುದಿಯಿಂದ 4 ಮಿ.ಮೀ. ಮೇಲೆ ನಾಳದ ಅಗಲ 0.41 ಮಿ.ಮೀ. ಅಂದರೆ ಸೂಜಿ ಅಲ್ಲಿಗೂ ಇಳಿಯದೆ ಸಿಕ್ಕಿಕೊಳ್ಳುತ್ತದೆ, ಕೊನೆಯ 3 ಮಿ.ಮೀ. ಒದ್ದೆಯೂ ಆಗುವುದಿಲ್ಲ. ಅದೇ 30 ಗೇಜ್ ಸೂಜಿ 0.31 ಮಿ.ಮೀ. ದಪ್ಪ. ನಾಳವನ್ನು 30 ಸೈಜ್, ಶೇ. 4ಕ್ಕೆ ತಂದರೆ ತುದಿಯಿಂದ 2 ಮಿ.ಮೀ. ಮೇಲೆ 0.38 ಮಿ.ಮೀ. ಜಾಗ ಸಿಗುತ್ತದೆ. ಸೂಜಿಯೂ ಇಳಿಯುತ್ತದೆ, ಪಕ್ಕದಿಂದ ದ್ರವ ಮೇಲಕ್ಕೆ ಬರಲು ಸಂದೂ ಉಳಿಯುತ್ತದೆ. ಯಾವ ಯಂತ್ರವನ್ನೂ ಕೊಳ್ಳದೆ, 27ರ ಬದಲು 30 ಗೇಜ್ ಸೈಡ್‌ವೆಂಟ್ ಸೂಜಿ ತರಿಸಿದರೆ ಸಿಗುವ ಲಾಭ ಇಷ್ಟು ದೊಡ್ಡದು.

ಸೂಜಿಗೆ ರಬ್ಬರ್ ಸ್ಟಾಪ್ ಹಾಕಿ ವರ್ಕಿಂಗ್ ಲೆಂಗ್ತ್‌ಗಿಂತ, ಅಂದರೆ ಬೇರಿನ ತುದಿಯ ಹತ್ತಿರದವರೆಗೆ ಕೆಲಸ ಮಾಡಬೇಕಾದ ಉದ್ದಕ್ಕಿಂತ, 2 ಮಿ.ಮೀ. ಕಡಿಮೆಗೆ ಗುರುತು ಮಾಡಬೇಕು. ಸಿರಿಂಜ್ ಲ್ಯೂರ್‌ಲಾಕ್ (ಸೂಜಿಯನ್ನು ತಿರುಗಿಸಿ ಬಿಗಿಯುವ ಬಗೆ) ಇರಲೇಬೇಕು, ಇಲ್ಲದಿದ್ದರೆ ಒತ್ತುವಾಗ ಸೂಜಿ ಕಳಚಿ ಹೈಪೋ ರೋಗಿಯ ಮುಖಕ್ಕೆ ಚಿಮ್ಮುತ್ತದೆ. ಹೆಬ್ಬೆರಳಲ್ಲಿ ಒತ್ತದೆ ತೋರುಬೆರಳಲ್ಲಿ ಒತ್ತಿದರೆ ಒತ್ತಡ ಹತೋಟಿಯಲ್ಲಿರುತ್ತದೆ. 1 ಮಿ.ಲೀ. ಖಾಲಿಯಾಗಲು 15 ಸೆಕೆಂಡು ಹಿಡಿಯಬೇಕು, ಅಷ್ಟೂ ಹೊತ್ತು ಸೂಜಿ ಸಣ್ಣಗೆ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ಪ್ರತಿ ಫೈಲಿನ ನಂತರ 2 ಮಿ.ಲೀ. ಎಂದು ಇಟ್ಟುಕೊಂಡರೆ ಫೈಲಿಂಗ್ ಮುಗಿಯುವಷ್ಟರಲ್ಲಿ ನಾಳವೊಂದಕ್ಕೆ 10 ಮಿ.ಲೀ. ಹತ್ತಿರ ಹೋಗಿರುತ್ತದೆ.

ಸೂಜಿ ಸಿಕ್ಕಿಕೊಂಡಿರುವಾಗ ಒತ್ತಿದರೆ ಹೈಪೋ ಬೇರಿನ ತುದಿ ದಾಟಿ ಮೂಳೆಗೆ ಹೋಗುತ್ತದೆ. ತಟ್ಟನೆ ಸಹಿಸಲಾಗದ ನೋವು, ನಿಮಿಷಗಳಲ್ಲಿ ಕೆನ್ನೆ ಊದುವುದು, ನಾಳದಿಂದ ರಕ್ತ, ಮರುದಿನ ಚರ್ಮದ ಮೇಲೆ ನೀಲಿ ಕಲೆ. ಹಾಗಾದರೆ ಕೂಡಲೇ ನಿಲ್ಲಿಸಿ, ನಾಳದಲ್ಲಿರುವುದನ್ನು ಹೀರಿ ತೆಗೆದು, ಸಲೈನಿನಲ್ಲಿ ಮೆಲ್ಲನೆ ತೊಳೆದು, ನೋವಿಗೆ ಮದ್ದು ಕೊಟ್ಟು, ಮೊದಲ ದಿನ ಹೊರಗಿನಿಂದ ತಣ್ಣನೆಯ ಪಟ್ಟಿ ಇಡಿಸಬೇಕು, ರೋಗಿಗೆ ಏನಾಯಿತೆಂದು ನೇರವಾಗಿ ಹೇಳಬೇಕು. ಊತ ಕಣ್ಣು ಅಥವಾ ಗಂಟಲಿನ ಕಡೆ ಹಬ್ಬುತ್ತಿದ್ದರೆ ಆಸ್ಪತ್ರೆಗೆ ಕಳಿಸಲು ತಡ ಮಾಡಬಾರದು. ತುದಿ ತೆರೆದ ಸೂಜಿ ದ್ರವವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ ನಿಜ, ಆದರೆ ಈ ಅಪಾಯವೂ ಅದರ ಜೊತೆಗೇ ಏರುತ್ತದೆ. ಬೇರು ತುದಿ ಇನ್ನೂ ಮುಚ್ಚಿಕೊಳ್ಳದ ಮಕ್ಕಳ ಹಲ್ಲಿಗಂತೂ ಅದು ಕೂಡದು.

ಇಷ್ಟು ಮಾಡಿದರೂ ಸೂಜಿಗೆ ಒಂದು ಮಿತಿಯಿದೆ. ಬಾಯಿ ಕಿರಿದಾದ ಸೀಸೆಯನ್ನು ಬೋರಲು ಹಿಡಿದು ನೀರಲ್ಲಿ ಅದ್ದಿದರೆ ಗಾಳಿ ಒಳಗೇ ಉಳಿಯುವಂತೆ, ಮೂಳೆಯಿಂದ ಸುತ್ತುವರಿದ ಬೇರಿನ ತುದಿಯಲ್ಲೂ ಗಾಳಿಗುಳ್ಳೆ ನಿಲ್ಲುತ್ತದೆ. ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಇಸ್ತಮಸ್ಸಿನೊಳಗೂ ಸೂಜಿಯ ದ್ರವ ತಾನಾಗಿ ನುಗ್ಗುವುದಿಲ್ಲ. ಮುಂದಿನ ಸಾಧನಗಳೆಲ್ಲ ಹುಟ್ಟಿದ್ದು ಈ ಎರಡು ತೊಡಕುಗಳಿಂದ.

ಇವುಗಳಲ್ಲಿ ಖರ್ಚೇ ಇಲ್ಲದ್ದು ಜಿಪಿ ಕೋನ್, ಅಂದರೆ ಕೊನೆಗೆ ನಾಳ ತುಂಬಲು ಬಳಸುವ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ಕಡ್ಡಿ. ನಾಳಕ್ಕೆ ಸರಿಯಾಗಿ ಕೂರುವ ಮಾಸ್ಟರ್ ಕೋನನ್ನು ದ್ರವ ತುಂಬಿದ ನಾಳದಲ್ಲಿ 2-3 ಮಿ.ಮೀ.ನಷ್ಟು ಮೇಲೆ ಕೆಳಗೆ, ನಿಮಿಷಕ್ಕೆ 100 ಸಲ ಆಡಿಸುವುದು. ಗಾಳಿಗುಳ್ಳೆ ಒಡೆಯಲು ಇದು ನಿಜಕ್ಕೂ ಒಳ್ಳೆಯದು. ಕೈ ಸೋಲುತ್ತದೆ, ನಾಲ್ಕು ನಾಳದ ಹಲ್ಲಿನಲ್ಲಿ ಕೊನೆಯ ನಾಳಕ್ಕೆ ಬರುವಷ್ಟರಲ್ಲಿ 100ರ ಬದಲು 30 ಆಗಿರುತ್ತದೆ ಎಂಬುದೇ ಇದರ ಕೊರತೆ. ಕೋನ್ ಸಡಿಲವಿದ್ದರೆ ದ್ರವ ಕದಲುವುದಿಲ್ಲ. ಯಂತ್ರವಿಲ್ಲದ ತಾಲ್ಲೂಕು ಮಟ್ಟದ ಕ್ಲಿನಿಕ್ಕಿಗೆ ಇದನ್ನು ಮನಸಾರೆ ಶಿಫಾರಸು ಮಾಡಬಹುದು.

ಸೋನಿಕ್, ಅಂದರೆ ಕಡಿಮೆ ವೇಗದ ಕಂಪನದಿಂದ ದ್ರವ ಕದಲಿಸುವ, ಸಾಧನಗಳಲ್ಲಿ ಹೆಚ್ಚು ಹೆಸರಾದದ್ದು ಡೆಂಟ್ಸ್‌ಪ್ಲೈನ ಎಂಡೋಆಕ್ಟಿವೇಟರ್. ಬ್ಯಾಟರಿಯ ಹಿಡಿ, ತುದಿಗೆ ಪ್ಲಾಸ್ಟಿಕ್ ಟಿಪ್, ನಿಮಿಷಕ್ಕೆ 10,000 ಕಂಪನದವರೆಗಿನ ಮೂರು ವೇಗ. ಟಿಪ್ ಡೆಂಟಿನ್ನನ್ನು ಕೊರೆಯುವುದಿಲ್ಲ, ಡೊಂಕು ನಾಳದಲ್ಲಿ ಗೋಡೆಗೆ ಮೆಟ್ಟಿಲು ಬೀಳುವ ಭಯವಿಲ್ಲ, ಹೊಸದಾಗಿ ಕಲಿಯುವವರ ಕೈಯಲ್ಲೂ ಸುರಕ್ಷಿತ. ಆದರೆ ಈ ವೇಗಕ್ಕೆ ದ್ರವದಲ್ಲಿ ಗುಳ್ಳೆ ಹುಟ್ಟಿ ಒಡೆಯುವ ಕ್ರಿಯೆ, ಅಂದರೆ ಕ್ಯಾವಿಟೇಶನ್, ಆಗುವುದಿಲ್ಲ. ಟಿಪ್ ಗೋಡೆಗೆ ತಾಗಿದರೆ ಕಂಪನ ಸತ್ತುಹೋಗುತ್ತದೆ. ಇನ್ನೊಂದು ಕೊರತೆಯನ್ನು ಮಾರುವವರು ಹೇಳುವುದಿಲ್ಲ: ಟಿಪ್ ಮುರಿದು ನಾಳದಲ್ಲಿ ಉಳಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೊರತೆಗೆದ ಪ್ರತಿ ಸಲವೂ ಅದರ ಉದ್ದ ನೋಡಬೇಕು. ವಿಡಿಡಬ್ಲ್ಯೂ ಕಂಪನಿಯ ಎಡ್ಡಿ ಟಿಪ್ ಕೂಡ ಪ್ಲಾಸ್ಟಿಕ್ಕೇ, ಆದರೆ ಗಾಳಿ ಒತ್ತಡದಲ್ಲಿ ಹಲ್ಲು ಕ್ಲೀನ್ ಮಾಡುವ ಏರ್ ಸ್ಕೇಲರಿಗೆ ಸಿಕ್ಕಿಸುವಂಥದ್ದು, ಸೆಕೆಂಡಿಗೆ 5,000ದಿಂದ 6,000 ಕಂಪನ. ಶಕ್ತಿಯಲ್ಲಿ ಎಂಡೋಆಕ್ಟಿವೇಟರಿಗಿಂತ ಬಹಳ ಮೇಲು. ಏರ್ ಸ್ಕೇಲರ್ ಈಗಾಗಲೇ ಇರುವವರು ಇದನ್ನೇ ನೋಡಬೇಕು.

ಇನ್ನು ಅಲ್ಟ್ರಾಸೋನಿಕ್. ಹಾಕಿದ ದುಡ್ಡಿಗೆ ಅತಿ ಹೆಚ್ಚು ಶುಚಿ ಸಿಗುವುದು ಇಲ್ಲೇ. ಸೆಕೆಂಡಿಗೆ 25,000ದಿಂದ 30,000 ಸಲ ಕಂಪಿಸುವ ತೆಳು ತಂತಿಯ ಸುತ್ತ ದ್ರವ ಸಣ್ಣ ಸಣ್ಣ ಸುಳಿಗಳಾಗಿ ಹರಿಯುತ್ತದೆ, ಆ ಹರಿವು ಪಕ್ಕದ ಸೀಳಿನೊಳಗೂ ನುಗ್ಗಿ ಒತ್ತಿಕೊಂಡಿದ್ದ ಪುಡಿಯನ್ನು ಎಬ್ಬಿಸುತ್ತದೆ. ಹೈಪೋ ಸ್ವಲ್ಪ ಬಿಸಿಯೂ ಆಗುವುದರಿಂದ ಕರಗಿಸುವ ಶಕ್ತಿ ಹೆಚ್ಚುತ್ತದೆ. ಹಲ್ಲು ಕ್ಲೀನಿಂಗಿಗೆ ಇಟ್ಟಿರುವ ಸ್ಕೇಲರಿಗೇ ಎಂಡೋ ಹೋಲ್ಡರ್ ಮತ್ತು 15 ಅಥವಾ 20 ಸೈಜಿನ ತಂತಿ ಸಿಕ್ಕಿಸಿದರೆ ಸಾಕು, ಆದರೆ ಆ ಯಂತ್ರದಲ್ಲಿ ಎಂಡೋ ಮೋಡ್, ಅಂದರೆ ನಾಳದ ಕೆಲಸಕ್ಕೆಂದೇ ಇರುವ ಕಡಿಮೆ ಪವರ್, ಇರಬೇಕು. ಸ್ಕೇಲಿಂಗಿನ ಪವರ್‌ನಲ್ಲಿ ಓಡಿಸಿದರೆ ತಂತಿ ಕ್ಷಣದಲ್ಲಿ ತುಂಡಾಗುತ್ತದೆ. ಆಕ್ಟಿಯಾನ್ ಕಂಪನಿಯ ಇರ್ರಿಸೇಫ್ ತಂತಿ ಈ ಕೆಲಸಕ್ಕೆಂದೇ ತುದಿ ಮೊಂಡು ಮಾಡಿ ತಯಾರಿಸಿದ್ದು, 20 ಮತ್ತು 25 ಸೈಜಿನಲ್ಲಿ, 21 ಮತ್ತು 25 ಮಿ.ಮೀ. ಉದ್ದದಲ್ಲಿ ಸಿಗುತ್ತದೆ. ಕೊರೆಯುವ ಅಂಚಿರುವ ಕೆ ಫೈಲಿಗಿಂತ ಇದು ಎಷ್ಟೋ ಮೇಲು.

ಬಳಸುವ ಕ್ರಮ ಹೀಗೆ. ನಾಳ ಕನಿಷ್ಠ 30 ಸೈಜಿಗೆ ಬಂದಿರಬೇಕು. 20ರ ತಂತಿಗೆ ಅಲ್ಲಿ ಸುತ್ತಲೂ ಸಿಗುವ ಸಂದು ಬರೀ 0.05 ಮಿ.ಮೀ., ಅದೂ ಇಲ್ಲದಿದ್ದರೆ ತಂತಿ ಆಡುವುದೆಲ್ಲಿ? ತಂತಿಯನ್ನು ವರ್ಕಿಂಗ್ ಲೆಂಗ್ತ್‌ಗಿಂತ 2 ಮಿ.ಮೀ. ಮೇಲೆ ನಿಲ್ಲಿಸಿ, ಗೋಡೆಗೆ ಒತ್ತದೆ, ನಾಳದ ನಡುವೆ ಹಿಡಿದು 20 ಸೆಕೆಂಡು ಓಡಿಸಿ. ನಿಲ್ಲಿಸಿ 2 ಮಿ.ಲೀ. ಹೊಸ ಹೈಪೋ ಹಾಕಿ ಮತ್ತೆ 20 ಸೆಕೆಂಡು. ಹೀಗೆ ಮೂರು ಸಲ. ಆಮೇಲೆ ಹೀರಿ ತೆಗೆದು ಇಡಿಟಿಎ ಒಂದು ನಿಮಿಷ, ಅದರಲ್ಲೂ 20 ಸೆಕೆಂಡು ಕಂಪನ. ಕೊನೆಗೆ ಇನ್ನೊಮ್ಮೆ ಹೈಪೋ. ಮೊದಲ 20 ಸೆಕೆಂಡಿನ ನಂತರ ತಿರುಳಿನ ಕೋಣೆಯಲ್ಲಿ ಎದ್ದು ಬರುವ ಮಬ್ಬು ದ್ರವವನ್ನು ನೋಡಿದವರಿಗೆ ಸೂಜಿ ಎಷ್ಟು ಬಿಟ್ಟಿತ್ತು ಎಂಬುದು ಕಣ್ಣಾರೆ ಗೊತ್ತಾಗುತ್ತದೆ. ಮೂರನೆಯ ಸಲಕ್ಕೂ ಮಬ್ಬು ಬರುತ್ತಿದ್ದರೆ ನಾಲ್ಕನೆಯದೂ ಆಗಲಿ.

ಕೆಡುವುದು ಇಲ್ಲೂ ಇದೆ. ತಂತಿ ಗೋಡೆಗೆ ಒತ್ತಿದರೆ ಕಂಪನ ಅಡಗುತ್ತದೆ, ಜೊತೆಗೆ ಡೆಂಟಿನ್ ಕೊರೆದು ಡೊಂಕಿನ ಹೊರಬದಿಯಲ್ಲಿ ಮೆಟ್ಟಿಲು ಬೀಳುತ್ತದೆ. ಡೊಂಕು ಜಾಸ್ತಿಯಿದ್ದರೆ ತಂತಿಯನ್ನು ಮೊದಲೇ ಬಾಗಿಸಿ ಡೊಂಕಿನವರೆಗೆ ಮಾತ್ರ ಇಳಿಸಬೇಕು. ದ್ರವವಿಲ್ಲದೆ ಗಾಳಿಯಲ್ಲಿ ಓಡಿಸಿದರೆ ತಂತಿ ದಣಿದು ಮುರಿಯುತ್ತದೆ, ಆದ್ದರಿಂದ ಒಳಗಿಟ್ಟ ಮೇಲೆ ಪೆಡಲ್, ಪೆಡಲ್ ಬಿಟ್ಟ ಮೇಲೆ ಹೊರಗೆ. ಈಚೆಗೆ ವೈರಿಲ್ಲದ ಬ್ಯಾಟರಿ ಮಾದರಿಗಳೂ ಬಂದಿವೆ. ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಒಯ್ಯಲು ಅನುಕೂಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಟಿಪ್‌ಗಳು ಬಿಡಿಯಾಗಿ ಸಿಗುತ್ತವೆಯೇ, ಆಟೋಕ್ಲೇವ್‌ಗೆ ಎಷ್ಟು ಸಲ ತಾಳುತ್ತವೆ ಎಂದು ವಿಚಾರಿಸಿ.

ಎಫ್‌ಕೆಜಿ ಕಂಪನಿಯ ಎಕ್ಸ್‌ಪಿ ಎಂಡೋ ಫಿನಿಶರ್ ಬೇರೆಯದೇ ಬುದ್ಧಿಯ ಸಾಧನ. 25 ಸೈಜಿನ, ಟೇಪರ್ ಇಲ್ಲದ ಈ ತಂತಿ ತಂಪಿನಲ್ಲಿ ನೆಟ್ಟಗಿರುತ್ತದೆ, ಮೈಶಾಖಕ್ಕೆ ಬಾಗಿ ಚಮಚದ ಆಕಾರ ತಾಳುತ್ತದೆ. ನಿಮಿಷಕ್ಕೆ 800ರಿಂದ 1,000 ಸುತ್ತು, ಒಂದು ನಿಮಿಷ, 7-8 ಮಿ.ಮೀ. ಮೇಲೆ ಕೆಳಗೆ. ಮೊಟ್ಟೆಯಾಕಾರದ ಅಗಲ ನಾಳದ ಮೂಲೆಗಳನ್ನು ಕೆರೆಯುವುದರಲ್ಲಿ, ಹಳೆಯ ಗಟ್ಟಾಪರ್ಚಾದ ಚೂರು ಬಿಡಿಸುವುದರಲ್ಲಿ ಇದು ತುಂಬ ಚೆನ್ನ. ಉದ್ದ ಗುರುತು ಮಾಡುವಾಗ ಕೋಲ್ಡ್ ಸ್ಪ್ರೇ ಹೊಡೆದು ನೆಟ್ಟಗಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ನಾಳದ ಬಾಯಿಗೇ ಸಿಕ್ಕಿಕೊಳ್ಳುತ್ತದೆ. ತೆಳು ಇಸ್ತಮಸ್ಸಿಗೆ ಮಾತ್ರ ಇದೂ ಹೋಗದು. ಇಸ್ರೇಲಿನ ಎಸ್‌ಎಎಫ್, ಅಂದರೆ ಒಳಗೆ ಟೊಳ್ಳಾದ ಜಾಲರಿ ಫೈಲು, ಹಿಗ್ಗಿಸುತ್ತಲೇ ತೊಳೆಯುತ್ತದೆ. ಯೋಚನೆ ಸೊಗಸಾಗಿದೆ, ಆದರೆ ಅದಕ್ಕೇ ಬೇಕಾದ ಹ್ಯಾಂಡ್‌ಪೀಸು, ಪಂಪು ಎಲ್ಲ ಬೇರೆ ಖರ್ಚು.

ಸುರಕ್ಷತೆಯೊಂದನ್ನೇ ನೋಡಿದರೆ ಎಂಡೋವ್ಯಾಕ್ ಎಲ್ಲಕ್ಕಿಂತ ಮುಂದೆ. ಇಲ್ಲಿ ದ್ರವವನ್ನು ಒಳಗೆ ತಳ್ಳುವುದಿಲ್ಲ, ಮೇಲೆ ಸುರಿದು ಬೇರಿನ ತುದಿಯಿಂದ ಹೀರಲಾಗುತ್ತದೆ. 0.32 ಮಿ.ಮೀ. ದಪ್ಪದ ಮೈಕ್ರೋಕ್ಯಾನುಲಾ, ಅಂದರೆ ಹೀರುವ ಸಣ್ಣ ಕೊಳವೆ, ವರ್ಕಿಂಗ್ ಲೆಂಗ್ತ್‌ವರೆಗೇ ಇಳಿಯುತ್ತದೆ. ಗಾಳಿಗುಳ್ಳೆ ನಿಲ್ಲಲು ಆಸ್ಪದವೇ ಇಲ್ಲ, ತುದಿ ದಾಟಿ ಹೈಪೋ ಹೋಗುವ ಸಂಭವ ಬಹಳ ಕಡಿಮೆ. ತೊಂದರೆ ಎರಡು. ನಾಳವನ್ನು ಕನಿಷ್ಠ 35 ಸೈಜಿಗೆ ಹಿಗ್ಗಿಸಬೇಕು, ನಮ್ಮ ಅಳತೆಗೋಲಿನ ಡೊಂಕು ಬೇರಿನಲ್ಲಿ ಅದು ಎಲ್ಲ ಸಲ ಸಾಧ್ಯವಿಲ್ಲ. ಮತ್ತೆ ಆ ಕ್ಯಾನುಲಾದ 12 ಸೂಕ್ಷ್ಮ ತೂತುಗಳು ತಿರುಳಿನ ಚೂರಿಗೆ ಕಟ್ಟಿಕೊಳ್ಳುತ್ತವೆ. ದೊಡ್ಡ ಕ್ಯಾನುಲಾದಿಂದ ಚೆನ್ನಾಗಿ ಹೀರಿಸಿದ ಮೇಲೆಯೇ ಚಿಕ್ಕದನ್ನು ಇಳಿಸಬೇಕು. ಕ್ಲಿನಿಕ್ಕಿನ ಸಕ್ಷನ್ ದುರ್ಬಲವಾಗಿದ್ದರೆ ಇದನ್ನು ಕೊಂಡು ಪ್ರಯೋಜನವಿಲ್ಲ.

ಲೇಸರ್ ಎಂದು ಬೋರ್ಡು ಹಾಕಿದ ಕ್ಲಿನಿಕ್ಕುಗಳಲ್ಲಿ ಯಾವ ಲೇಸರ್ ಎಂದು ಕೇಳಲೇಬೇಕು. ಡಯೋಡ್ ಲೇಸರ್ ನಾಳದೊಳಗೆ ಮುಖ್ಯವಾಗಿ ಶಾಖ ಕೊಡುತ್ತದೆ. ದ್ರವವನ್ನು ಜೋರಾಗಿ ಕದಲಿಸುವ ಕೆಲಸಕ್ಕೆ ಅದಲ್ಲ. ತೊಳೆಯಲು ಬೇಕಾದದ್ದು 2,940 ನ್ಯಾನೋಮೀಟರಿನ ಎರ್ಬಿಯಂ ಯಾಗ್. ಪಿಪ್ಸ್ ವಿಧಾನದಲ್ಲಿ ಇದರ ಟಿಪ್ ನಾಳಕ್ಕೆ ಇಳಿಯುವುದೇ ಇಲ್ಲ, ತಿರುಳಿನ ಕೋಣೆಯ ದ್ರವದಲ್ಲಿ ಮುಳುಗಿರುತ್ತದೆ. 20 ಮಿಲಿಜೂಲಿನ, 50 ಮೈಕ್ರೋಸೆಕೆಂಡಿನ ಮಿಡಿತಗಳು ಸೆಕೆಂಡಿಗೆ 15 ಸಲ. ಪ್ರತಿ ಮಿಡಿತಕ್ಕೂ ಆವಿಗುಳ್ಳೆಯೊಂದು ಹುಟ್ಟಿ ಕುಸಿಯುತ್ತದೆ, ಅದರ ಅಲೆ ಎಲ್ಲ ನಾಳಗಳಿಗೂ ಒಟ್ಟಿಗೆ ಹೋಗುತ್ತದೆ. ತಂತಿ ಇಳಿಯದ ಡೊಂಕು ಬೇರಿನಲ್ಲೂ ಇಸ್ತಮಸ್ಸಿನಲ್ಲೂ ಇದು ಮಾಡುವ ಕೆಲಸ ಮೆಚ್ಚುವಂಥದ್ದು. ಸಹಾಯಕರು ಪಕ್ಕದಿಂದ ಹೈಪೋ ಸುರಿಯುತ್ತಲೇ ಇರಬೇಕು, ಕೋಣೆಯ ಗೋಡೆ ನಾಲ್ಕೂ ಕಡೆ ಎತ್ತರವಿರಬೇಕು. ಒಂದು ಗೋಡೆ ಮುರಿದಿದ್ದರೆ ಮೊದಲು ಕಾಂಪೊಸಿಟ್‌ನಲ್ಲಿ ಕಟ್ಟಿಕೊಳ್ಳಬೇಕು. ಬೆಲೆ ಮಾತ್ರ ಒಬ್ಬ ವೈದ್ಯರ ಸಾಮಾನ್ಯ ಕ್ಲಿನಿಕ್ಕಿಗೆ ಎಟುಕದು. ವಸಡು, ಮೂಳೆ, ಹುಳುಕು ಎಲ್ಲಕ್ಕೂ ಬಳಸುವ ದೊಡ್ಡ ಕೇಂದ್ರಕ್ಕೆ ಸರಿ.

ಅಮೆರಿಕದ ಸೊನೆಂಡೊ ಕಂಪನಿಯ ಜೆಂಟಲ್‌ವೇವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲ್ಲಿನ ಮೇಲೆ ಗಾಳಿಯಾಡದ ಮುಚ್ಚಳ ಕಟ್ಟಿ, ಶೇ. 3ರ ಹೈಪೋ, ನೀರು, ಶೇ. 8ರ ಇಡಿಟಿಎಯನ್ನು ನಿಮಿಷಕ್ಕೆ 45 ಮಿ.ಲೀ. ವೇಗದಲ್ಲಿ ಹರಿಸುತ್ತದೆ. ನಾಳವನ್ನು ಹೆಚ್ಚು ಹಿಗ್ಗಿಸದೆ ಡೆಂಟಿನ್ ಉಳಿಸುವುದು ಇದರ ನಿಜವಾದ ಗುಣ. ಪ್ರತಿ ರೋಗಿಗೂ ಹೊಸ ತುದಿ ಬೇಕಾಗುವುದರಿಂದ ಖರ್ಚು ಪ್ರತಿ ಸಲವೂ ಬೀಳುತ್ತದೆ, ಆರಂಭದ ಅಧ್ಯಯನಗಳಲ್ಲಿ ಹಲವು ಆ ಕಂಪನಿಯ ನೆರವಿನಿಂದಲೇ ನಡೆದವು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಇದನ್ನು ಸೂಚಿಸಿದರೆ ಹೆಚ್ಚುವರಿ ಹಣ ಎಷ್ಟು, ಇನ್ಶೂರೆನ್ಸ್ ಕೊಡುತ್ತದೆಯೇ ಎಂದು ಮೊದಲೇ ಕೇಳುವುದು ಒಳ್ಳೆಯದು.

ಪ್ರಯೋಗಾಲಯದಲ್ಲಿ ಕಿತ್ತ ಹಲ್ಲಿನ ಮೇಲೆ ಕಾಣುವ ವ್ಯತ್ಯಾಸ ರೋಗಿಯ ಬಾಯಲ್ಲಿ ಅಷ್ಟೇ ದೊಡ್ಡದಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಒಂಟಿಬೇರಿನ ಹಲ್ಲುಗಳಲ್ಲಿ ಅಲ್ಟ್ರಾಸೋನಿಕ್ ಮತ್ತು ಬರೀ ಸೂಜಿಯನ್ನು ಹೋಲಿಸಿದ 2013ರ ಒಂದು ಪ್ರಯೋಗದಲ್ಲಿ ಗುಣವಾಗುವಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಸೂಜಿಯ ಕೆಲಸವನ್ನು ಸರಿಯಾಗಿ ಮಾಡಿದಾಗಿನ ಫಲಿತಾಂಶ ಅದು. ರಬ್ಬರ್ ಡ್ಯಾಮ್ (ಆ ಹಲ್ಲನ್ನಷ್ಟೇ ಬಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ) ಹಾಕದ ಕಡೆ ಹೈಪೋ ಗಂಟಲಿಗೆ ಇಳಿದೀತೆಂಬ ಅಂಜಿಕೆಯಲ್ಲೇ ಎರಡು ಹನಿ ಬಿಟ್ಟು ಸಲೈನಿಗೆ ಹೋಗುತ್ತಾರೆ. ಆ ಕೊರತೆಯನ್ನು ಯಾವ ಲೇಸರೂ ತುಂಬಿಕೊಡುವುದಿಲ್ಲ. ರೋಗಿಯಾಗಿ ಹೋಗುವವರು ಯಂತ್ರದ ಹೆಸರು ಕೇಳುವುದಕ್ಕಿಂತ ರಬ್ಬರ್ ಡ್ಯಾಮ್ ಹಾಕುತ್ತೀರಾ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಎರಡು ಭೇಟಿಯ ಚಿಕಿತ್ಸೆಯಲ್ಲಿ ಇನ್ನೊಂದು ಕೆಲಸವಿದೆ. ಮೊದಲ ಭೇಟಿಯಲ್ಲಿ ನಾಳಕ್ಕೆ ತುಂಬಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ಎರಡನೆಯ ಭೇಟಿಯಲ್ಲಿ ತೆಗೆಯಬೇಕು, ಉಳಿದರೆ ಸೀಲರ್ (ನಾಳ ಮುಚ್ಚುವ ಅಂಟು) ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಸೂಜಿಯೊಂದರಿಂದಲೇ ಅದು ಪೂರ್ತಿ ಹೋಗುವುದಿಲ್ಲ, ಅದರಲ್ಲೂ ತುದಿಯ ಹತ್ತಿರ. ಕೊನೆಯ ಫೈಲನ್ನು ಕೈಯಿಂದ ಒಮ್ಮೆ ಇಳಿಸಿ ಪೇಸ್ಟನ್ನು ಸಡಿಲಿಸಿ, ಇಡಿಟಿಎ ತುಂಬಿ 20 ಸೆಕೆಂಡು ಅಲ್ಟ್ರಾಸೋನಿಕ್, ಆಮೇಲೆ ಹೈಪೋದಲ್ಲಿ ಮತ್ತೆರಡು ಸಲ. ಪೇಪರ್ ಪಾಯಿಂಟ್ ವರ್ಕಿಂಗ್ ಲೆಂಗ್ತ್‌ವರೆಗೆ ಇಳಿಸಿ ತೆಗೆದಾಗ ತುದಿಯಲ್ಲಿ ಬಿಳಿ ಪುಡಿ ಕಂಡರೆ ಆ ನಾಳವನ್ನು ಅಂದು ತುಂಬುವ ಮೊದಲು ಇನ್ನೊಂದು ಸುತ್ತು ತೊಳೆಯಬೇಕು.